ಗಾಳಿಯಲ್ಲೂ ಒಂದಿಷ್ಟು ಗೋಮಾಳ ಇರಲಿ

ನಾನಿರುವ ಅಮೆರಿಕದಲ್ಲಿ ವೈಫೈ ರೂಟರ್ ಕೊಂಡರೆ, ಅದರ ಬುಡದಲ್ಲೋ ಕೈಪಿಡಿಯಲ್ಲೋ ಸಣ್ಣ ಅಕ್ಷರದಲ್ಲಿ ಎರಡು ಷರತ್ತು ಇರುತ್ತವೆ. ಈ ಉಪಕರಣ ಬೇರೆಯವರ ಸಂಪರ್ಕಕ್ಕೆ ತೊಂದರೆ ಮಾಡಬಾರದು. ಬೇರೆಯವರಿಂದ ಬರುವ ಅಡಚಣೆಯನ್ನು ಸಹಿಸಿಕೊಳ್ಳಬೇಕು. ಇದಕ್ಕೆ ಒಪ್ಪಿ, ಹೇಳಿದ ಶಕ್ತಿಮಿತಿಯೊಳಗಿದ್ದರೆ ಬಳಸುವವರಿಗೆ ಲೈಸೆನ್ಸ್ ಬೇಡ, ಹರಾಜೂ ಬೇಡ. ಅದು ಬಳಸುವ ರೇಡಿಯೊ ಅಲೆಗಳು ಊರ ಗೋಮಾಳದ ಹಾಗೆ, ಎಲ್ಲರದ್ದೂ.

1985ರಲ್ಲಿ ಇಲ್ಲಿನ ಸಂಪರ್ಕ ಆಯೋಗ ಎಫ್‌ಸಿಸಿ, ಮೈಕ್ರೋವೇವ್ ಒಲೆಗಳ ಗದ್ದಲವಿದ್ದ 2.4 ಗಿಗಾಹರ್ಟ್ಸ್‌ನಂಥ ಪಟ್ಟಿಗಳನ್ನು, ಅಂದರೆ ರೇಡಿಯೊ ಅಲೆಗಳ ಸಾಲಿನ ಒಂದೊಂದು ತುಂಡನ್ನು, ಹೀಗೆ ಬಿಟ್ಟುಕೊಟ್ಟಿತು. ಏನು ಹುಟ್ಟುತ್ತದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. 1997ರಲ್ಲಿ ವೈಫೈಯ ಮೊದಲ ಮಾನದಂಡ ಬಂತು. ಭಾರತದಲ್ಲಿ ಅದೇ ಪಟ್ಟಿ ಮನೆಯ ಒಳಗೂ ಹೊರಗೂ ಮುಕ್ತವಾಗಿದ್ದು 2005ರಲ್ಲಿ. 6 ಗಿಗಾಹರ್ಟ್ಸ್ ವಿಚಾರವೂ ಹಾಗೇ. ಅಮೆರಿಕ 2020ರಲ್ಲಿ 1200 ಮೆಗಾಹರ್ಟ್ಸ್ ಅಗಲದ ಪಟ್ಟಿ ತೆರೆಯಿತು. ಭಾರತ ಕೆಳಗಿನ 500 ಮೆಗಾಹರ್ಟ್ಸ್‌ಗೆ ಕರಡು ನಿಯಮ ಹೊರಡಿಸಿದ್ದು 2025ರ ಮೇನಲ್ಲಿ.

ಈ ತಡಕ್ಕೆ ಸೋಮಾರಿತನ ಕಾರಣ ಅಂತ ನನಗನಿಸುವುದಿಲ್ಲ. ಹೆದರಿಕೆ ಕಾರಣ. 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಹರಾಜಿಲ್ಲದೆ ಹಂಚಿದ್ದ 2ಜಿ ಮೊಬೈಲ್ ಸೇವೆಯ 122 ಲೈಸೆನ್ಸ್‌ಗಳನ್ನು ರದ್ದು ಮಾಡಿತು. ಸರಿಯಾಗಿಯೇ ಮಾಡಿತು. ಆದರೆ ಆಮೇಲೆ ತರಂಗಾಂತರವನ್ನು (ಈ ಅಲೆಗಳ ಪಟ್ಟಿಗಳನ್ನು) ಹರಾಜಿಲ್ಲದೆ ಕೊಟ್ಟರೆ ಕಳ್ಳತನ ಎನ್ನುವ ಭಾವನೆ ಬೇರೂರಿತು. ಎಲ್ಲ ನೈಸರ್ಗಿಕ ಸಂಪತ್ತಿಗೂ ಹರಾಜು ಕಡ್ಡಾಯವಲ್ಲ ಎಂದು ಅದೇ ವರ್ಷ ಅದೇ ಕೋರ್ಟ್ ಹೇಳಿದ್ದು ಯಾರ ನೆನಪಲ್ಲೂ ಉಳಿದಿಲ್ಲ. ಒಂದೆರಡು ಕಂಪನಿಗೆ ಸುಮ್ನೆ ಕೊಡುವುದು ಬೇರೆ, ಎಲ್ಲರಿಗೂ ಬಿಟ್ಟುಕೊಡುವುದು ಬೇರೆ, ಅಲ್ವಾ?

ಹರಾಜನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ 700 ಮೆಗಾಹರ್ಟ್ಸ್ ನೋಡಿ. ದೂರದ ಹಳ್ಳಿಗೂ, ಗೋಡೆಯೊಳಕ್ಕೂ ಚೆನ್ನಾಗಿ ತಲುಪುವ ಪಟ್ಟಿ ಅದು. ಮೂಲ ಬೆಲೆ ಜಾಸ್ತಿಯಾಗಿ 2016ರಲ್ಲಿ ಯಾರೂ ಕೊಳ್ಳಲಿಲ್ಲ, 2021ರಲ್ಲೂ ಕೊಳ್ಳಲಿಲ್ಲ. ಬೆಲೆ ಇಳಿಸಿದ ಮೇಲೆ 2022ರಲ್ಲಿ ಅದರ ಒಂದು ಭಾಗ ಮಾರಾಟವಾಯಿತು. ಇಂದು ಬಳಸದ ತರಂಗಾಂತರವನ್ನು ನಾಳೆಗೆ ಕೂಡಿಡಲು ಬರುವುದಿಲ್ಲ. ಆ ವರ್ಷಗಳು ಹೋದವು, ಅಷ್ಟೇ.

ಅಮೆರಿಕದ್ದೆಲ್ಲ ಸರಿ ಅಂತಲ್ಲ. ಸಂಸತ್ತಿನ ಜಗಳದಲ್ಲಿ 2023ರ ಮಾರ್ಚ್‌ನಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಎಫ್‌ಸಿಸಿಗೆ ಹರಾಜು ನಡೆಸುವ ಅಧಿಕಾರವೇ ಇರಲಿಲ್ಲ. ಆದರೂ ಇಲ್ಲಿನ ಒಂದು ಪದ್ಧತಿ ನನಗೆ ತುಂಬಾ ಹಿಡಿಸಿದೆ. 3.5 ಗಿಗಾಹರ್ಟ್ಸ್‌ನ 150 ಮೆಗಾಹರ್ಟ್ಸ್ ಪಟ್ಟಿಯಲ್ಲಿ ನೌಕಾಪಡೆಯ ರಾಡಾರ್‌ಗೆ ಮೊದಲ ಹಕ್ಕು. ಹರಾಜಿನಲ್ಲಿ ಗೆದ್ದವರದ್ದು ಎರಡನೆಯದು. ಅವರಿಬ್ಬರೂ ಬಳಸದಿರುವ ಕಡೆ ಉಳಿದವರೆಲ್ಲ ಬಳಸಬಹುದು. ಕರಾವಳಿಯಲ್ಲಿ ಸೆನ್ಸರ್‌ಗಳಿವೆ. ಹಡಗಿನ ರಾಡಾರ್ ಚಾಲೂ ಆದದ್ದು ಅವಕ್ಕೆ ಗೊತ್ತಾದರೆ, ಕಂಪ್ಯೂಟರ್ ವ್ಯವಸ್ಥೆ ಆ ಸುತ್ತಿನ ಉಪಕರಣಗಳನ್ನು ಬೇರೆ ಚಾನೆಲ್‌ಗೆ ಕಳಿಸುತ್ತದೆ. ಕಾರ್ಖಾನೆ, ಶಾಲೆ, ಹಳ್ಳಿಗಾಡಿನ ಸಣ್ಣ ಇಂಟರ್ನೆಟ್ ಕಂಪನಿಗಳು ಹೀಗೆ ತಮ್ಮದೇ ಜಾಲ ಕಟ್ಟಿಕೊಳ್ಳಬಹುದು.

ಇಂಥದ್ದು ಭಾರತಕ್ಕೆ ಇನ್ನೂ ಹೆಚ್ಚು ಬೇಕು. ಗಾಳಿಯ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ನಮ್ಮ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಹರಾಜು ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಮುಂದೆ ಯಾವ ಪಟ್ಟಿ ಮಾರಿದರೂ, ಗೆದ್ದ ಕಂಪನಿ ಒಂದು ಊರಲ್ಲಿ ಜಾಲ ಹಾಕುವವರೆಗೆ ಆ ಊರಿನವರು ಕಡಿಮೆ ಶಕ್ತಿಯಲ್ಲಿ ಅದನ್ನು ಬಳಸಬಹುದು ಎಂಬ ಷರತ್ತು ಹರಾಜಿನ ಕಾಗದದಲ್ಲೇ ಇರಲಿ.