ಬ್ರಾಂಡಿ ಔಷಧಿ, ಪಬ್‌ಜಿ ಪಿಶಾಚಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹುಡುಗನೊಬ್ಬ ಪಿಯುಸಿಯಲ್ಲಿ ಡುಮ್ಕಿ ಹೊಡೆದರೆ ಕಾರಣ ಹುಡುಕುವ ಕಷ್ಟ ಈಗ ಯಾರಿಗೂ ಇಲ್ಲ. ಮೊಬೈಲ್ ಗೇಮು. ಅಪ್ಪನಿಗೆ ಎದುರು ಮಾತಾಡಿದನೇ? ಗೇಮು. ತೋಟಕ್ಕೆ ಬಾ ಅಂದರೆ ಬರಲಿಲ್ಲವೇ? ಗೇಮು. ಮೂವತ್ತೈದಾದರೂ ಹೆಣ್ಣು ಸಿಕ್ಕಿಲ್ಲವೇ? ಅದೂ ಗೇಮೇ. ಅಡಿಕೆಗೆ ಬಂದ ಎಲೆಚುಕ್ಕಿ ರೋಗವೊಂದನ್ನು ಮಾತ್ರ ಪಬ್‌ಜಿ ತಲೆಗೆ ಕಟ್ಟಲಾಗಲಿಲ್ಲ. ವಿಜ್ಞಾನಿಗಳು ಅವಸರ ಮಾಡಿ ಅದಕ್ಕೊಂದು ಶಿಲೀಂಧ್ರ ಹುಡುಕಿಬಿಟ್ಟರು.

ಇಂಥ ತೀರ್ಪುಗಳು ಹೊರಬೀಳುವುದು ಹೆಚ್ಚಾಗಿ ಮಳೆಗಾಲದ ಸಂಜೆ, ಜಗಲಿಯಲ್ಲಿ. ನ್ಯಾಯಾಧೀಶರ ಕೈಯಲ್ಲಿ ಸ್ಟೀಲ್ ಲೋಟ ಇರುತ್ತದೆ. ಅದರಲ್ಲಿರುವುದು ಕಷಾಯವಂತೂ ಅಲ್ಲ. ಹಾಗಂತ ಅದನ್ನು ಕುಡಿತ ಅನ್ನುವಂತೆಯೂ ಇಲ್ಲ. "ಎಂತ ಮಾಡದು ಮಾರಾಯ್ರೆ, ಈ ಥಂಡಿಗೆ ಒಂಚೂರು ಬ್ರಾಂಡಿ ಬಿಡದಿದ್ರೆ ಮೈ ಏಳದೇ ಇಲ್ಲ." ಅಲ್ಲಿಗೆ ಅದು ಔಷಧಿಯಾಯಿತು.

ಈ ಔಷಧಿಯ ಕೆಲಸ ಸ್ವಲ್ಪ ವಿಚಿತ್ರ. ಮದ್ಯ ಒಳಗೆ ಹೋದ ಕೂಡಲೇ ಚರ್ಮದಡಿಯ ರಕ್ತನಾಳಗಳು ಹಿಗ್ಗುತ್ತವೆ, ಒಳಗಿನ ಬಿಸಿ ರಕ್ತ ಮೇಲಕ್ಕೆ ಬರುತ್ತದೆ. ಚರ್ಮಕ್ಕೆ ಬೆಚ್ಚಗೆ ಅನಿಸುತ್ತದೆ, ಮುಖ ಕೆಂಪಾಗುತ್ತದೆ, ಮೈಯ ಕಾವೆಲ್ಲ ಹೊರಗೆ ಸೋರಿಹೋಗುತ್ತದೆ. ಹಂಡೆಯ ಮುಚ್ಚಳ ತೆಗೆದು, ಮುಖಕ್ಕೆ ಹಬೆ ಬಡಿದಾಗ ನೀರು ಜೋರಾಗಿ ಕಾಯ್ತಿದೆ ಅಂದುಕೊಂಡ ಹಾಗೆ. ಚಳಿಗೆ ನಡುಗುವುದು ದೇಹ ಕಾವು ಹುಟ್ಟಿಸಿಕೊಳ್ಳುವ ದಾರಿ. ಅದನ್ನೂ ಮದ್ಯ ತಗ್ಗಿಸುತ್ತದೆ. "ನೋಡಿ, ನಡುಕ ನಿಂತೇ ಹೋಯ್ತು!" ಅನ್ನುತ್ತಾರೆ, ಗೆದ್ದವರ ಹಾಗೆ.

ದೊಡ್ಡವರು ತಮ್ಮ ಮೈಯನ್ನು ಏನು ಬೇಕಾದರೂ ಮಾಡಿಕೊಳ್ಳಲಿ. ಆದರೆ ನೆಗಡಿಯಾದ ಕೂಸಿನ ಬಾಯಿಗೂ ಎರಡು ಹನಿ ಹಾಕುವ ಅಜ್ಜಿಯರು ಇದ್ದಾರಲ್ಲ, ಅಲ್ಲಿ ನಗು ಬರುವುದಿಲ್ಲ. ಸಣ್ಣ ಮಕ್ಕಳಲ್ಲಿ ಮದ್ಯ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು. ಅದೇ ಕೂಸು ಊಟ ಮಾಡುವಾಗ ಮೊಬೈಲ್ ನೋಡಿದರೆ ಅಜ್ಜಿಗೆ ಎದೆ ಒಡೆಯುತ್ತದೆ.

ಇನ್ನೊಂದು ಪಂಗಡ ಬಿಯರಿನವರದು. "ನಾನು ಡ್ರಿಂಕ್ಸ್ ಮಾಡಲ್ಲ, ಬಿಯರ್ ಮಾತ್ರ." 650 ಮಿಲಿಯ ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ ಶೇ 8ರ ಲೆಕ್ಕಕ್ಕೆ 52 ಮಿಲಿ ಶುದ್ಧ ಆಲ್ಕೋಹಾಲ್. 60 ಮಿಲಿಯ ಲಾರ್ಜ್ ವಿಸ್ಕಿಯಲ್ಲಿ, ಶೇ 42.8ರಂತೆ, ಸುಮಾರು 26 ಮಿಲಿ. ಅಂದರೆ ಒಂದು ಬಾಟಲಿ ಮುಗಿಸಿದ ಸಂಯಮಿ ಎರಡು ಲಾರ್ಜ್ ಇಳಿಸಿದ್ದಾನೆ. ಕೇಳಿದರೆ ಕಿಡ್ನಿ ಸ್ಟೋನಿಗೆ ಅನ್ನುತ್ತಾನೆ. ಕಲ್ಲು ಇದೆಯಾ ಅಂತ ಸ್ಕ್ಯಾನ್ ಮಾಡಿಸಿದವನಲ್ಲ, ಮುಂಜಾಗ್ರತೆ!

ಇನ್ನು ಪಿಶಾಚಿಯ ವಿಷಯ. ಗೇಮ್ ಆಡಿದವನು ಕೊಲೆಗಾರನಾಗುತ್ತಾನೆ ಅನ್ನುವುದು ಜಗಲಿಯ ಸಿದ್ಧಾಂತ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ಹೇಳಿದ್ದು ಬೇರೆ: ಹೊಡೆದಾಟದ ಗೇಮಿಗೂ ಕಿರುಚಾಟ, ತಳ್ಳಾಟದಂಥ ಸಿಟ್ಟಿಗೂ ಸಣ್ಣ ನಂಟಿದೆ, ನಿಜವಾದ ಹಿಂಸೆಗೆ ಅದನ್ನು ಗಂಟುಹಾಕಲು ಪುರಾವೆ ಸಾಲದು. ಗೇಮಿನ ಚಟ ಅನ್ನುವುದು ಇಲ್ಲವೇ ಇಲ್ಲ ಅಂತಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಆದರೆ ಕೈಮೀರಿದ ಆಟದಿಂದ ಬದುಕು ಹಾಳಾಗಿರಬೇಕು, ಅದೂ ಸಾಮಾನ್ಯವಾಗಿ 12 ತಿಂಗಳಾದರೂ ನಡೆದಿರಬೇಕು. ಕರೆಂಟು ಹೋದರೆ ಟವರೂ ಹೋಗುವ, ಸಿಗ್ನಲ್ಲಿಗೆ ಗುಡ್ಡ ಹತ್ತಬೇಕಾದ ನಮ್ಮೂರಲ್ಲಿ ಅಷ್ಟು ಶ್ರದ್ಧೆಯ ಚಟಕ್ಕೆ ರಕ್ತ ಹೀರುವ ಉಂಬಳಗಳೇ ಬಿಡುವುದಿಲ್ಲ. ಅದೇ ಸಂಸ್ಥೆಯ ಕ್ಯಾನ್ಸರ್ ವಿಭಾಗ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಹಾಕಿದ್ದು 1988ರಲ್ಲಿ. ಆ ಸುದ್ದಿ ಇನ್ನೂ ಘಾಟಿ ಹತ್ತುತ್ತಲೇ ಇದೆ.

ಕೊರೊನಾ ಲಾಕ್‌ಡೌನಿನಲ್ಲಿ ಮುಚ್ಚಿದ್ದ ಮದ್ಯದಂಗಡಿಗಳು ರಾಜ್ಯದಲ್ಲಿ 2020ರ ಮೇ 4ರಂದು ತೆರೆದವು. ಶಾಲೆಗಳಿಗೆ ಇನ್ನೂ ಬೀಗ. ಸೆಪ್ಟೆಂಬರ್ 2ರಂದು ಪಬ್‌ಜಿ ನಿಷೇಧವಾಯಿತು. ಅಂತೂ ಸರ್ಕಾರಕ್ಕೆ ಮಕ್ಕಳ ಗೋಳು ಕಂಡಿತು ಅಂತ ಜಗಲಿಯಲ್ಲಿ ಔಷಧಿಯ ಡೋಸು ಏರಿತು. ಆದೇಶದಲ್ಲಿ ಇದ್ದದ್ದು ದೇಶದ ಭದ್ರತೆ, ಬಳಕೆದಾರರ ಮಾಹಿತಿ ಸೋರಿಕೆಯ ಮಾತು. ಪಿಯುಸಿ ಫಲಿತಾಂಶದ ಸುದ್ದಿಯೇ ಇರಲಿಲ್ಲ. ಇತ್ತ 2025-26ರ ಬಜೆಟ್ಟಿನಲ್ಲಿ ರಾಜ್ಯದ ಅಬಕಾರಿ ವರಮಾನದ ಗುರಿ 40,000 ಕೋಟಿ ರೂಪಾಯಿ. ಇಷ್ಟೊಂದು ಔಷಧಿ ಕುಡಿಯುವ ರಾಜ್ಯದಲ್ಲಿ ನೆಗಡಿ ಇನ್ನೂ ಹೇಗೆ ಉಳಿದಿದೆಯೋ!

2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಲ್ಲಿಸುವ ಕಾಯ್ದೆ ತಂದಿತು. ಒಳ್ಳೆಯದೇ ಆಯಿತು, ಅಡಿಕೆ ದುಡ್ಡು ಫೋನಿನ ರಮ್ಮಿಯಲ್ಲಿ ಕರಗಿದ ಮನೆಗಳು ನಮ್ಮಲ್ಲೂ ಇವೆ. ಪಕ್ಕದ ಮನೆಯ ಹುಡುಗನ ರಮ್ಮಿಯೂ ನಿಂತಿತು. ಈಗ ಸಂಜೆಯಾದರೆ ಅಡಿಕೆ ಸುಲಿಯುವ ಚಪ್ಪರದಲ್ಲಿ ಕಂಬಳಿ ಹಾಸಿ ಹಿರಿಯರ ಜೊತೆ ಇಸ್ಪೀಟಿನ ಇಪ್ಪತ್ತೆಂಟಕ್ಕೆ ಕೂರುತ್ತಾನೆ. ಮೊಣಕಾಲ ಹತ್ತಿರ ನೈಂಟಿ ಪ್ಯಾಕೆಟ್ಟು, ಕಂಬಳಿಯಡಿ ನೂರರ ನೋಟುಗಳು. ಅವನ ಚಿಕ್ಕಪ್ಪನಿಗೆ ಹಿಗ್ಗೋ ಹಿಗ್ಗು. "ಹುಡ್ಗ ದಾರಿಗೆ ಬಂದ ಮಾರಾಯ್ರೆ. ಈಗ ಫೋನ್ ಮುಟ್ಟದೇ ಇಲ್ಲ, ನಾಕು ಜನರ ಜೊತೆ ಬೆರೀತಾನೆ."