ಆಂಜಿಯೋಗ್ರಾಂ ನಾರ್ಮಲ್, ಎದೆಬೇನೆ ಮಾತ್ರ ಹೋಗಿಲ್ಲ

ರುಮಟಾಯ್ಡ್ ಗಂಟುವಾತವೋ ಲೂಪಸ್ಸೋ (ಎರಡೂ ಮೈಯ ರಕ್ಷಣಾ ಶಕ್ತಿ ಮೈಯ ಮೇಲೆಯೇ ತಿರುಗುವ ಕಾಯಿಲೆಗಳು) ಇರುವ ಹೆಂಗಸರು ಗುಡ್ಡೆ ಹತ್ತುವಾಗ ಎದೆ ಹಿಡಿಯುತ್ತದೆ ಎಂದರೆ ನಮ್ಮ ಕಾಸರಗೋಡಿನವರು ಮಂಗಳೂರಿಗೆ ಕರಕೊಂಡು ಹೋಗಿ ಆಂಜಿಯೋಗ್ರಾಂ ಮಾಡಿಸುತ್ತಾರೆ. "ಬ್ಲಾಕ್ ಇಲ್ಲ, ಗ್ಯಾಸ್ ಇರಬೇಕು" ಅಂದರೆ ಅಲ್ಲಿಗೆ ಮುಗಿಯಿತು. ಹಾಗೆ ಮುಗಿಸಬಾರದು.

ಆಂಜಿಯೋಗ್ರಾಂನಲ್ಲಿ ಕಾಣುವುದು ದೊಡ್ಡ ರಕ್ತನಾಳಗಳು. ಅರ್ಧ ಮಿಲಿಮೀಟರಿಗಿಂತ ಸಪೂರದವು ಕಾಣುವುದಿಲ್ಲ. ಮೋಟರು ಸರಿ, ಮೈನ್ ಪೈಪು ಸರಿ, ಡ್ರಿಪ್ಪಿನ ತೂತು ಕಟ್ಟಿದರೆ ಅಡಕೆ ಬುಡಕ್ಕೆ ನೀರು ಬೀಳುತ್ತದೆಯೇ? ಇಂಥ ಕಾಯಿಲೆಯಿಂದ ವರ್ಷಗಟ್ಟಲೆ ಉರಿಯೂತ ಇದ್ದವರಲ್ಲಿ ಈ ಸಪೂರ ನಾಳಗಳ ಒಳಪದರ ಕೆಟ್ಟು, ಬೇಕಾದಾಗ ಅವು ಹಿಗ್ಗುವುದಿಲ್ಲ. ರುಮಟಾಯ್ಡ್ ಇದ್ದವರಿಗೆ ಹೃದಯದ ಅಪಾಯದ ಲೆಕ್ಕವನ್ನು 1.5ರಿಂದ ಗುಣಿಸಿ ಎಂದು ಯುರೋಪಿನ ತಜ್ಞರ ಸಂಘ ಯೂಲಾರ್ ಹೇಳುತ್ತದೆ. ಕೊಲೆಸ್ಟ್ರಾಲ್ ಕಡಿಮೆ ಬಂತೆಂದು ನೆಮ್ಮದಿಯೂ ಬೇಡ. ಗಂಟುವಾತ ಜೋರಾಗಿರುವಾಗ ಆ ಅಂಕಿ ತಾನಾಗಿ ಇಳಿಯುತ್ತದೆ.

ಟ್ರೆಡ್‌ಮಿಲ್ಲೂ ಇವರಿಗೆ ಹೊಂದುವುದಿಲ್ಲ. 220ರಿಂದ ವಯಸ್ಸು ಕಳೆದರೆ ಬರುವ ಬಡಿತದ ಶೇ. 85ನ್ನು ಮುಟ್ಟುವ ಮೊದಲೇ ಮೊಣಗಂಟು ಬೇನೆಗೆ ನಿಂತುಬಿಡುತ್ತಾರೆ. ಅದು ಅರ್ಧಕ್ಕೆ ನಿಂತ ಪರೀಕ್ಷೆ, "ನಾರ್ಮಲ್" ಅಲ್ಲ. ರಿಪೋರ್ಟಿನಲ್ಲಿ ಆ ಶೇಕಡಾ ಎಷ್ಟಿದೆ ಎಂದು ನೋಡಿ.

ಬೇಕಾದದ್ದು ರಕ್ತದ ಹರಿವನ್ನೇ ಅಳೆಯುವ ಪರೀಕ್ಷೆ: ಸ್ಟ್ರೆಸ್ ಎಂಆರ್‌ಐ, ಪೆಟ್ ಸ್ಕ್ಯಾನ್, ಇಲ್ಲವೇ ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಹರಿವು ನೋಡುವ ಡಾಪ್ಲರ್. ಇದಕ್ಕೆ ನಾಳ ಹಿಗ್ಗಿಸುವ ಅಡೆನೋಸಿನ್ ಮದ್ದನ್ನು ಮೈತೂಕದ ಕಿಲೋಗೆ ನಿಮಿಷಕ್ಕೆ 140 ಮೈಕ್ರೋಗ್ರಾಮಿನಂತೆ ನರಕ್ಕೆ ಏರಿಸುತ್ತಾರೆ. 60 ಕಿಲೋದವರಿಗೆ ನಿಮಿಷಕ್ಕೆ 8.4 ಮಿಲಿಗ್ರಾಂ. ಮುಖ ಬಿಸಿಯಾಗಿ ಎದೆ ಬಿಗಿಯುತ್ತದೆ, ಮದ್ದು ನಿಲ್ಲಿಸಿದ ಸ್ವಲ್ಪ ಹೊತ್ತಿನಲ್ಲೇ ಇಳಿಯುತ್ತದೆ, ಹೆದರಬೇಡಿ. ಆರೋಗ್ಯದ ಹೃದಯದಲ್ಲಿ ಹರಿವು ಮೂರು ನಾಲ್ಕು ಪಟ್ಟು ಏರುತ್ತದೆ. ಎರಡು ಪಟ್ಟೂ ಏರದಿದ್ದರೆ, ದೊಡ್ಡ ನಾಳದಲ್ಲಿ ಬ್ಲಾಕ್ ಇಲ್ಲದಿದ್ದರೂ, ಸಪೂರ ನಾಳಗಳಲ್ಲಿ ತೊಂದರೆ ಇದೆ.

ಈ ಪರೀಕ್ಷೆ ಕೆಡುವುದು ಹೆಚ್ಚಾಗಿ ಒಂದು ಗ್ಲಾಸ್ ಚಾಯದಿಂದ. ಬದಿಯಡ್ಕದಲ್ಲಿ ಬಸ್ಸು ಹತ್ತುವ ಮೊದಲು ಕುಡಿದ ಚಾಯದ ಕೆಫೀನ್ ಅಡೆನೋಸಿನ್‌ಗೆ ಅಡ್ಡ ಕೂರುತ್ತದೆ. ನಾಳ ಹಿಗ್ಗದೆ ರಿಪೋರ್ಟು ತಪ್ಪುತ್ತದೆ. ಚಾಯ, ಕಾಫಿ, ಕೋಲಾ, ಚಾಕಲೇಟು 24 ಗಂಟೆ ಬೇಡ. ದಮ್ಮಿಗೆ ಕೊಡುವ ಡೆರಿಫಿಲಿನ್ ಮಾತ್ರೆಯದೂ ಇದೇ ಕತೆ, ಆದರೆ ಅದನ್ನು ನೀವಾಗಿ ಬಿಡಬೇಡಿ. ದಮ್ಮು ಇದ್ದವರಿಗೆ ಅಡೆನೋಸಿನ್ನೇ ಅಪಾಯ, ಮೊದಲೇ ಹೇಳಲೇಬೇಕು.

ಲೂಪಸ್ ಕಿಡ್ನಿಗೆ ತಗಲಿದ್ದರೆ ಎಂಆರ್‌ಐಗೆ ಹೋಗುವಾಗ ಕಿಡ್ನಿಯ ಸ್ಥಿತಿ ಹೇಳುವ ಹೊಸ ಕ್ರಿಯಾಟಿನಿನ್ ರಿಪೋರ್ಟು ಕೈಯಲ್ಲಿರಲಿ. ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ಪ್ರಮಾಣದ ಅಂಕಿ) 30ಕ್ಕಿಂತ ಕೆಳಗಿದ್ದರೆ, ಎಂಆರ್‌ಐ ಚಿತ್ರ ಸ್ಪಷ್ಟವಾಗಲು ಚುಚ್ಚುವ ಗ್ಯಾಡೋಲಿನಿಯಂ ಮದ್ದು ಕೊಡುವ ಮೊದಲು ವೈದ್ಯರು ಎರಡು ಸಲ ಯೋಚಿಸಬೇಕಾಗುತ್ತದೆ. ಅಂಥವರು ಎಕೋ ಡಾಪ್ಲರ್‌ನಲ್ಲಿ ಹರಿವು ನೋಡಲಾಗುತ್ತದೆಯೇ ಎಂದು ಕೇಳಿ. ಅದಕ್ಕೆ ಗ್ಯಾಡೋಲಿನಿಯಂ ಬೇಡ.