ಸೈಲೆನ್ಸರ್ ಬದಲಿಸೋಕೆ ಮುಂಚೆ ಅಳತೆ ಟೇಪು ಹಿಡಿಯಿರಿ

ಹೋದ ವಾರ ಪಕ್ಕದ ತೋಟದ ಹುಡುಗ ಹೊಸ ಬೈಕು, ಹೀರೋ ಕಂಪನಿಯ ಎಕ್ಸ್‌ಪಲ್ಸ್ 200 4ವಿ ಪ್ರೋ ಮನೆಗೆ ತಂದ. ಚಕ್ರದಡಿ ನಿಂಬೆಹಣ್ಣು ಇಟ್ಟು ಪೂಜೆ ಮುಗಿಸಿ, ಸಂಜೆ ಹೊತ್ತಿಗೆ ನಮ್ಮ ಕಣದ ಹತ್ರ ಬಂದು ಮೊಬೈಲಲ್ಲಿ ಒಂದು ಪಟ್ಟಿ ತೋರಿಸಿದ. ಸೈಲೆನ್ಸರ್, ಕ್ರ್ಯಾಶ್ ಗಾರ್ಡ್, ನಾಲ್ಕು ಫಾಗ್ ಲೈಟು, ಸ್ಟಿಕ್ಕರ್ ಕಿಟ್ಟು, ಸೀಟು ತಗ್ಗಿಸೋ ಲಿಂಕ್. ಕೂಡಿದರೆ ನಲವತ್ತೆಂಟು ಸಾವಿರ. "ಅಣ್ಣ, ಮೊದಲು ಯಾವ್ದು ಹಾಕಿಸ್ಲಿ?" ಅಂದ.

"ಮೊದಲು ಫುಟ್‌ಪೆಗ್ ಮೇಲೆ ಎದ್ದು ನಿಂತ್ಕೋ, ನೋಡೋಣ" ಅಂದೆ. ನಿಂತ. ಬೆನ್ನು ಗೂನಾಯ್ತು. ಮೊಣಕೈ ಪಕ್ಕೆಗೆ ಅಂಟಿಕೊಂಡಿತು. ಲಿವರ್ ಮೇಲೆ ಬೆರಳಿಡೋಕೆ ಹೋದರೆ ಮಣಿಕಟ್ಟು ಹಿಂದಕ್ಕೆ ಮಡಿಚಿಕೊಳ್ತಿತ್ತು. ಇನ್ನು ಕೂತರೆ ಎರಡೂ ಕಾಲಿನ ತುದಿ ಬೆರಳು ಮಾತ್ರ ನೆಲಕ್ಕೆ. ಇಂಥ ಬೈಕಲ್ಲಿ ಒದ್ದೆ ಜಂಬಿಟ್ಟಿಗೆ ಇಳಿಜಾರಿಗೆ ಹೋದರೆ ನಾಲ್ಕು ಫಾಗ್ ಲೈಟು ಏನು ಮಾಡುತ್ತೆ ಹೇಳಿ?

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರೆ. ನಮ್ಮ ಹುಡುಗರ ಮಾಡಿಫಿಕೇಷನ್ ಪೂರ್ತಿ ಪರರಿಚ್ಛೆಗೇ ನಡೀತಿದೆ ಅನ್ನೋದು ನನ್ನ ಸಂಕಟ. ಅದಕ್ಕೇ ಇಷ್ಟು ಉದ್ದ ಬರೀತಿದ್ದೀನಿ.

ನಮ್ಮಪ್ಪನ ಕಾಲದಲ್ಲಿ ಮಲೆನಾಡಿನ ದಾರಿಗೆ ಮೈಸೂರಲ್ಲಿ ತಯಾರಾಗ್ತಿದ್ದ ಯೆಜ್ಡಿಯೇ ಗತಿ. ಆಮೇಲೆ ಆರ್‌ಎಕ್ಸ್ 100. ಎರಡೂ ರೋಡ್ ಬೈಕುಗಳೇ, ನಮ್ಮೋರು ಗುಡ್ಡ ಹತ್ತಿಸಿದ್ರು ಅಷ್ಟೆ. 2011ರಲ್ಲಿ ಹೀರೋದವರದ್ದೇ ಇಂಪಲ್ಸ್ ಬಂತು, ನಿಂತೂ ಹೋಯ್ತು. 2019ರಲ್ಲಿ ಎಕ್ಸ್‌ಪಲ್ಸ್ ಬಂದ ಮೇಲೆ, ನಂಬರ್ ಪ್ಲೇಟ್ ಇರೋ, ಕಾಡುದಾರಿ ರೇಸಿನ ಎಂಡ್ಯೂರೋ ತರದ ಬೈಕು ನಮ್ಮಂಥೋರ ಕೈಗೂ ಎಟುಕಿತು. ಈ ಪ್ರೋ ಮಾಡಲ್‌ನಲ್ಲಿ ಮುಂದೆ 21 ಇಂಚಿನ ಚಕ್ರ, ಹಿಂದೆ 18. ಮುಂದಿನ ಸಸ್ಪೆನ್ಷನ್ 250 ಮಿ.ಮೀ. ಆಡುತ್ತೆ, ಹಿಂದಿನದು 220. ಹೊಟ್ಟೆ ಕೆಳಗೆ 270 ಮಿ.ಮೀ. ಜಾಗ. ಮುಂದೆ, ಹಿಂದೆ ಎರಡು ಕಡೆಯೂ ಸಸ್ಪೆನ್ಷನ್ ನಮಗೆ ಬೇಕಾದ ಹಾಗೆ ತಿರುಗಿಸಿಕೊಳ್ಳಬಹುದು. ತಿರುಗಿಸೋ ಸೌಲಭ್ಯಕ್ಕೇ ದುಡ್ಡು ಕೊಟ್ಟಿರ್ತೀವಿ, ಆದ್ರೆ ಅದನ್ನ ಮುಟ್ಟೋರು ಹತ್ತರಲ್ಲಿ ಒಬ್ಬರೂ ಸಿಗಲ್ಲ.

ಅವತ್ತು ನಾವು ಮಾಡಿದ್ದು ಇಷ್ಟು. ಬೈಕನ್ನ ಸ್ಟ್ಯಾಂಡ್ ಮೇಲೆತ್ತಿ, ಹಿಂದಿನ ಚಕ್ರ ಗಾಳಿಯಲ್ಲಿ ನೇತಾಡೋ ಹಾಗೆ ಮಾಡಿ, ಆಕ್ಸಲ್‌ನಿಂದ ಮೇಲಿನ ಮಡ್‌ಗಾರ್ಡ್‌ಗೆ ಅಂಟಿಸಿದ ಪೇಪರ್ ಟೇಪಿನ ಗುರುತಿಗೆ ಅಳೆದ್ವಿ. 618 ಮಿ.ಮೀ. ಆಮೇಲೆ ಹುಡುಗ ಹೆಲ್ಮೆಟ್, ಬೂಟು, ಬ್ಯಾಗು ಸಮೇತ ಹತ್ತಿ ಕೂತ. ನಮ್ಮ ತೋಟದ ಲೆಕ್ಕ ಬರೆಯೋ ರೈಟರ್ ಮುಂದೆ ನಿಂತು ಹ್ಯಾಂಡಲ್ ಹಿಡಿದುಕೊಂಡ್ರು. ಎರಡು ಸಲ ಕುಣಿಸಿ ಬಿಟ್ಟು ಅಳೆದರೆ 574. ಅಂದ್ರೆ ಅವನ ಭಾರಕ್ಕೆ ಬೈಕು ಕುಸಿದದ್ದು ಬರೀ 44 ಮಿ.ಮೀ. ಇದಕ್ಕೆ ಸ್ಯಾಗ್ ಅಂತಾರೆ. ಇದು ಹಿಂದಿನ ಟ್ರಾವೆಲ್‌ನ, ಅಂದ್ರೆ ಸಸ್ಪೆನ್ಷನ್ ಆಡೋ ಒಟ್ಟು ದೂರದ, ಸುಮಾರು ಮೂರನೇ ಒಂದು ಪಾಲಿನ ಹತ್ತಿರ ಇರಬೇಕು. 220ಕ್ಕೆ ಲೆಕ್ಕ ಹಾಕಿದ್ರೆ 65ರಿಂದ 70. ಹುಡುಗ 58 ಕೆ.ಜಿ. ಇದ್ದಾನೆ, ಸ್ಪ್ರಿಂಗ್ ಅವನಿಗೆ ತೀರಾ ಬಿಗಿ. ಪ್ರಿಲೋಡ್, ಅಂದ್ರೆ ಸ್ಪ್ರಿಂಗನ್ನ ಮೊದಲೇ ಅದುಮಿಟ್ಟಿರೋ ಬಿಗಿ, ಸ್ವಲ್ಪ ಸ್ವಲ್ಪವೇ ಸಡಿಲ ಮಾಡ್ತಾ, ಪ್ರತಿ ಸಲ ಹತ್ತಿಸಿ ಇಳಿಸಿ ಅಳೀತಾ, 552ಕ್ಕೆ ತಂದು ನಿಲ್ಲಿಸಿದ್ವಿ. ಸ್ಯಾಗ್ 66 ಆಯ್ತು.

ಕೂತು ನೋಡಿದ. ಎರಡೂ ಪಾದದ ಮುಂಭಾಗ ನೆಲ ಹಿಡೀತು.

ಗಮನಿಸಿ, ಈ ಬೈಕಿನ ಸೀಟು 891 ಮಿ.ಮೀ. ಎತ್ತರ. ಅದಕ್ಕೆ ಹೆದರಿ ಸೀಟು ಕೊಯ್ಸೋರು, ಲಿಂಕ್ ಹಾಕಿ ಹಿಂಭಾಗ ಇಳಿಸೋರು ತುಂಬಾ ಜನ. ಲಿಂಕ್ ಹಾಕಿದ್ರೆ ಯಾವ ಗ್ರೌಂಡ್ ಕ್ಲಿಯರೆನ್ಸ್‌ಗೆ ಅಂತ ಬೈಕು ತಗೊಂಡ್ರೋ ಅದೇ ಹೋಗುತ್ತೆ. ಹಿಂಭಾಗ ತಗ್ಗಿ, ಮುಂದಿನ ಚಕ್ರದ ಹಿಡಿತವೂ ಕಡಿಮೆ ಆಗುತ್ತೆ. ಹುಡುಗನಿಗೆ ಬೇಕಿದ್ದ ಎರಡು ಸೆಂಟಿಮೀಟರ್ ಸ್ಪ್ರಿಂಗ್‌ನಲ್ಲೇ ಇತ್ತು. ನಾನು 84 ಕೆ.ಜಿ., ನನ್ನ ಬೈಕಲ್ಲಿ ಇದರ ಉಲ್ಟಾ, ಬಿಗಿ ಮಾಡಬೇಕಾಯ್ತು. ಒಬ್ಬರ ಸೆಟ್ಟಿಂಗ್ ಇನ್ನೊಬ್ಬರಿಗೆ ಆಗಲ್ಲ, ಯೂಟ್ಯೂಬ್ ನೋಡಿ ಅಷ್ಟೇ ಸುತ್ತು ತಿರುಗಿಸಬೇಡಿ.

ಆಮೇಲೆ ಹ್ಯಾಂಡಲ್. ಎದ್ದು ನಿಂತಾಗ ಬೆನ್ನು ಸಲೀಸಾಗಿ ನಿಲ್ಲೋ ತನಕ ಮುಂದಕ್ಕೆ ಉರುಳಿಸಿ, ಬ್ರೇಕ್, ಕ್ಲಚ್ ಎರಡೂ ಲಿವರ್ ಕೆಳಗೆ ಬಗ್ಗಿಸಿ. ಮುಂಗೈ, ಬೆರಳು ಒಂದೇ ಗೆರೆಯಲ್ಲಿ ಬರಬೇಕು. ಹತ್ತು ನಿಮಿಷದ ಕೆಲಸ, ಖರ್ಚು ಸೊನ್ನೆ.

ಲಿವರ್ ವಿಷಯದಲ್ಲಿ ನಾನು ಕಲಿತದ್ದು ಪೆಟ್ಟು ತಿಂದು. ಮೊದಲ ಮಳೆಗಾಲ, ಜಂಬಿಟ್ಟಿಗೆ ಏರಿನಲ್ಲಿ ಹಿಂದಿನ ಚಕ್ರ ಜಾರಿ ಬಲಕ್ಕೆ ಮಲಗಿದೆ. ನಡಿಗೆ ವೇಗಕ್ಕಿಂತ ನಿಧಾನ. ನನಗೇನೂ ಆಗ್ಲಿಲ್ಲ, ಮುಂದಿನ ಬ್ರೇಕ್ ಲಿವರ್ ಮಾತ್ರ ಬುಡದಲ್ಲೇ ಕಟ್. ಆ ಮಳೆಯಲ್ಲಿ ನಾಲ್ಕು ಕಿಲೋಮೀಟರ್ ಇಳಿಜಾರನ್ನ ಹಿಂದಿನ ಬ್ರೇಕ್ ಒಂದನ್ನೇ ನಂಬಿ ಇಳಿದದ್ದು ಇವತ್ತಿಗೂ ಮರೆತಿಲ್ಲ. ಆಮೇಲೆ ಒಬ್ಬ ಹಳೇ ಮೆಕ್ಯಾನಿಕ್ ಹೇಳಿಕೊಟ್ಟರು. ಲಿವರ್ ಕ್ಲ್ಯಾಂಪ್ ಬಿಚ್ಚಿ, ಹ್ಯಾಂಡಲ್ ಪೈಪಿಗೆ ಪ್ಲಂಬರ್‌ಗಳು ನಲ್ಲಿಗೆ ಸುತ್ತೋ ಬಿಳಿ ಟೆಫ್ಲಾನ್ ಟೇಪು ಎರಡು ಸುತ್ತು ಸುತ್ತಿ, ಅದರ ಮೇಲೆ ಕ್ಲ್ಯಾಂಪ್ ಕೂರಿಸಿ, ಬೋಲ್ಟ್ ಜಡಿಯದೆ ಹದವಾಗಿ ಬಿಗಿಯಬೇಕು. ಕೈಯಲ್ಲಿ ಜೋರಾಗಿ ತಳ್ಳಿದರೆ ತಿರುಗಬೇಕು, ಓಡಿಸುವಾಗ ಅಲ್ಲಾಡಬಾರದು. ಬಿದ್ದರೆ ಲಿವರ್ ಮುರಿಯೋ ಬದಲು ತಿರುಗುತ್ತೆ. ಆಮೇಲೂ ಬಿದ್ದಿದ್ದೀನಿ, ಲಿವರ್ ಅದೇ ಇದೆ.

ದುಡ್ಡು ಹಾಕಲೇಬೇಕು ಅಂದ್ರೆ ಹಾಕೋ ಜಾಗ ಇದೆ. ಒಳಗೆ ಅಲ್ಯೂಮಿನಿಯಂ ಪಟ್ಟಿ ಇರೋ ಹ್ಯಾಂಡ್‌ಗಾರ್ಡ್, ಇಂಜಿನ್ ಕೆಳಗೆ ಗಟ್ಟಿ ಬ್ಯಾಶ್ ಪ್ಲೇಟ್. ಜೊತೆಗೊಂದು 21 ಇಂಚಿನ ಟ್ಯೂಬು ಬ್ಯಾಗಲ್ಲಿರಲಿ. ನಮ್ಮ ಕಡೆ ಪಂಕ್ಚರ್ ಅಂಗಡಿಗಳಲ್ಲಿ ಈ ಸೈಜು ಸಿಗೋದು ಅನುಮಾನ, ಹಿಂದಿನ 18ಕ್ಕೂ ಊರು ಸೇರೋ ತನಕ ಅದನ್ನೇ ತುರುಕಿ ಬರಬಹುದು. ಕಾಡುದಾರಿಯಲ್ಲಿ ಗಾಳಿ ಇಳಿಸ್ತೀರಾದ್ರೆ 18, 20 ಪಿಎಸ್‌ಐ ಸಾಕು. ಇನ್ನೂ ಇಳಿಸಿದ್ರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ಮಧ್ಯೆ ಸಿಕ್ಕಿ ಎರಡು ತೂತು ಬೀಳುತ್ತೆ. ಟಾರು ಸಿಕ್ಕ ತಕ್ಷಣ ಮತ್ತೆ ತುಂಬಿಸಿ.

ಹೊಸ ಚಕ್ರದ ಕಡ್ಡಿಗಳು ಮೊದಲ ಐನೂರು ಕಿಲೋಮೀಟರ್‌ನಲ್ಲಿ ಸಡಿಲ ಆಗ್ತವೆ. ಸಣ್ಣ ಸ್ಪ್ಯಾನರ್‌ನಲ್ಲಿ ಒಂದೊಂದನ್ನೇ ತಟ್ಟಿ ಕೇಳಿ. ಬಿಗಿ ಇದ್ದದ್ದು ಟಿಣ್ ಅನ್ನುತ್ತೆ, ಸಡಿಲ ಇದ್ದದ್ದು ಟೊಕ್. ಚೈನು ಜೋತು ಬಿದ್ದಂತೆ ಕಂಡರೂ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಬಿಗಿ ಮಾಡಿಸಬೇಡಿ. ಸಸ್ಪೆನ್ಷನ್ ಇಷ್ಟು ಉದ್ದ ಆಡೋ ಬೈಕಲ್ಲಿ ಚಕ್ರ ಮೇಲೆ ಬಂದಾಗ ಚೈನು ತಾನೇ ಬಿಗಿಯಾಗುತ್ತೆ. ಮೊದಲೇ ಬಿಗಿ ಇದ್ದರೆ ಗೇರ್‌ಬಾಕ್ಸ್ ಬೇರಿಂಗ್ ಹೋಗುತ್ತೆ.

ಈಗ ಸೈಲೆನ್ಸರ್ ಮಾತು.

ಕಾನೂನು ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರೋ ವಿವರಕ್ಕೂ ತಯಾರಕರ ಮೂಲ ಅಳತೆಗೂ ಹೊಂದದ ಹಾಗೆ ವಾಹನ ಬದಲಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡೀತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೆ ಐದು ಸಾವಿರ ದಂಡ, ಆರು ತಿಂಗಳ ತನಕ ಜೈಲಿಗೂ ಅವಕಾಶ ಬಂತು. ಬಿಎಸ್6 ಹೊಗೆ ನಿಯಮದ ಬೈಕಿನ ಸೈಲೆನ್ಸರ್ ಅಂದ್ರೆ ಬರೀ ಕೊಳವೆಯಲ್ಲ, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಎಲ್ಲ ಆ ವ್ಯವಸ್ಥೆಯ ಭಾಗ. ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳೋ ಎಬಿಎಸ್ ಕಾಡುದಾರಿಯಲ್ಲಿ ಬೇಡ ಅಂತ ಅದರ ಫ್ಯೂಸ್ ಕೀಳೋರೂ ಇದ್ದಾರೆ. ಈ ಬೈಕಲ್ಲಿ ರ‍್ಯಾಲಿ ಮೋಡ್‌ಗೆ ಹಾಕಿದ್ರೆ ಎಬಿಎಸ್ ನಿಲ್ಲುತ್ತೆ, ಫ್ಯೂಸ್ ಯಾಕೆ ಕೀಳಬೇಕು?

ಆದ್ರೆ ನನ್ನ ಹೊಟ್ಟೆ ಉರಿಯೋದು ದಂಡದ ವಿಷಯಕ್ಕಲ್ಲ. ಸಕಲೇಶಪುರ, ಮೂಡಿಗೆರೆ ಕಡೆ ನಾವು ಆನೆ ಇರೋದನ್ನ ಕಂಡುಕೊಳ್ಳೋದು ಕಿವಿಯಿಂದ. ಬೆಳಗ್ಗೆ ಮಂಜಲ್ಲಿ ಹತ್ತು ಅಡಿ ಆಚೆ ಕಾಣಲ್ಲ. ಬೈನೆ ಮರ ಮುರಿದ ಸದ್ದು, ಸೊಪ್ಪು ಎಳೆಯೋ ಸದ್ದು, ಅದನ್ನ ಕೇಳಿಸಿಕೊಂಡೇ ಕೆಲಸದ ಹೆಂಗಸರು ತೋಟದೊಳಗೆ ಹೆಜ್ಜೆ ಇಡ್ತಾರೆ. ಶನಿವಾರ, ಭಾನುವಾರ ಎಂಟು ಹತ್ತು ಬೈಕು ಸೈಲೆನ್ಸರ್ ಕಿತ್ತುಕೊಂಡು ಬೊಬ್ಬೆ ಹಾಕ್ತಾ ಹೋದ್ರೆ, ಆಮೇಲೆ ಎಷ್ಟೋ ಹೊತ್ತು ನಮಗೆ ಬೇರೇನೂ ಕೇಳಲ್ಲ. ಆನೆ ಮಾತ್ರ ಬೆದರಿ ಜಾಗ ಬದಲಿಸಿರುತ್ತೆ, ಎಲ್ಲಿಗೆ ಅಂತ ಯಾರಿಗೂ ಗೊತ್ತಿರಲ್ಲ. ಕಳೆದ ವರ್ಷ ನಮ್ಮ ಲೈನ್ ಮನೆಯ ಒಬ್ಬ ಹೆಣ್ಣುಮಗಳು ಹೀಗೇ ತಿರುವಿನಲ್ಲಿ ಆನೆಗೆ ಎದುರಾಗಿ, ಚರಂಡಿಗೆ ಹಾರಿ ಉಳಿದಳು. ಆ ಸದ್ದಿನಿಂದ ನಿಮಗೆ ಒಂದು ಕುದುರೆಶಕ್ತಿ ಜಾಸ್ತಿ ಸಿಗಬಹುದೇನೋ, ಇಲ್ಲಿರೋರಿಗೆ ಅದರ ಬೆಲೆ ಬೇರೆ.

ನಂಬರ್ ಪ್ಲೇಟ್ ಇದೆ ಅಂತ ಹುಲ್ಲುಗುಡ್ಡಕ್ಕೂ ನುಗ್ಗಬೇಡಿ. ಶೋಲೆ ಕಾಡಿನ ನಡುವಿನ ಹುಲ್ಲುಗಾವಲಲ್ಲಿ ಟೈರು ಕೊರೆದ ಒಂದು ಗೀರು ಆಷಾಢದ ಮಳೆಗೆ ಕೊರಕಲಾಗುತ್ತೆ. ಅಭಯಾರಣ್ಯಕ್ಕೆ ಅನುಮತಿ ಇಲ್ಲದೆ ಹೋಗೋದು 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಓಡಿಸೋದು ಕಲೀಬೇಕಾ, 2015ರಲ್ಲಿ ದಿನಗಟ್ಟಲೆ ನಡೆಯೋ ಆಫ್‌ರೋಡ್ ರೇಸಾದ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಕಟ್ಟಿದ ಬಿಗ್ ರಾಕ್ ಡರ್ಟ್‌ಪಾರ್ಕ್‌ನಂಥ ಜಾಗಗಳಿವೆ. ಸೈಲೆನ್ಸರ್ ದುಡ್ಡು ಅಲ್ಲಿ ಹಾಕಿ.

ಹುಡುಗ ಕೊನೆಗೆ ಹ್ಯಾಂಡ್‌ಗಾರ್ಡ್, ಬ್ಯಾಶ್ ಪ್ಲೇಟ್, ಒಂದು ಟ್ಯೂಬು, ಒಂದು ಸುರುಳಿ ಟೆಫ್ಲಾನ್ ಟೇಪು ತಂದ. ಮುಂದಿನ ಫೋರ್ಕಿನ ಅಳತೆ ಇನ್ನೂ ಬಾಕಿ ಇದೆ, ಭಾನುವಾರ ಮಾಡ್ತೀವಿ. ಈ ಕಡೆ ಯಾರಾದ್ರೂ ಹೊಸ ಬೈಕು ತಗೊಂಡಿದ್ರೆ ನೀವೂ ಬನ್ನಿ. ಬರುವಾಗ ಹೆಲ್ಮೆಟ್, ಬೂಟು, ಬ್ಯಾಗು ಎಲ್ಲ ಹಾಕ್ಕೊಂಡೇ ಬನ್ನಿ, ಇಲ್ಲದಿದ್ರೆ ಸ್ಯಾಗ್ ಲೆಕ್ಕ ತಪ್ಪುತ್ತೆ.